ಅರ್ಧರ್ಧದ ಉತ್ತರ

ನನ್ನ ತಮ್ಮ ಬುದ್ಧಿವಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಹಾಗನ್ನಿಸದೆ ಹೋದೀತು. ಪದ್ಯ ಒಂದು ಸಲ ಕೇಳಿದರೆ ಒಪ್ಪಿಸುತ್ತಿದ್ದ. ಕಾನೂನಿನ ಕಲಮುಗಳನ್ನು ಎಮ್ಮೆಯ ಮೈ ತೊಳೆಯುತ್ತ ಬಾಯಿಪಾಠ ಹೇಳುತ್ತಿದ್ದ. ಅಂಥವನು ಮಂಡ್ಯದ ಹಿರಿಯ ವಕೀಲರೊಬ್ಬರ ಜಗಲಿಯ ಮೇಲೆ ಎರಡು ಸಲ ಫೇಲಾಗಿ ಮನೆಗೆ ಬಂದ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ರೇಷನ್ನು, ಬಟ್ಟೆಗೆ ರೇಷನ್ನು. ಹನಕೆರೆ ಸ್ಟೇಷನ್ನಿಗೆ ಗದ್ದೆ ಬದುವಿನ ಮೇಲೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ ನಮ್ಮದು. ಭಾನುವಾರ ಬಂತೆಂದರೆ ತಮ್ಮ ಅಲ್ಲಿ ರೈಲು ಹತ್ತಿ ಮಂಡ್ಯಕ್ಕೆ ಹೋಗುತ್ತಿದ್ದ. ಸಿಪಾಯಿಗಳ ರೈಲು ಎದುರಾದರೆ ನಮ್ಮ ರೈಲು ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುತ್ತಿತ್ತು. ಆಗೆಲ್ಲ ಅವನು ಇಳಿದು ಹಳಿಯ ಪಕ್ಕದಲ್ಲೇ ನಡೆದುಬಿಡುತ್ತಿದ್ದ.

ಆ ವಕೀಲರಿಗೆ ವಯಸ್ಸಾಗಿತ್ತು. ಕೋರ್ಟಿಗೆ ಓಡಾಡಲು ಒಬ್ಬ ಜೂನಿಯರ್ ಬೇಕಾಗಿತ್ತು. ಪ್ಲೀಡರ್ ಪರೀಕ್ಷೆಗೆ ಓದುವ ಹುಡುಗರನ್ನು ಸೇರಿಸಿಕೊಂಡು ಭಾನುವಾರ ಪಾಠ ಹೇಳುತ್ತಿದ್ದರು. ಅವರಲ್ಲಿ ತಾವು ಇಡುವ ಪರೀಕ್ಷೆ ಗೆದ್ದವನನ್ನು ಆಫೀಸಿಗೆ ಸೇರಿಸಿಕೊಂಡು ಮುಂದಕ್ಕೆ ತರುತ್ತೇನೆ ಎಂದಿದ್ದರು. ಅವರ ಪರೀಕ್ಷೆ ಬೇರೆಯವರ ಹಾಗಲ್ಲ. ಜಗಲಿಯ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಹಾಗೆ ನಾಲ್ಕು ಮನೆ ಬರೆಯುತ್ತಿದ್ದರು. ಒಂದು ವ್ಯಾಜ್ಯ ಹೇಳಿ, ಅದಕ್ಕೆ ನಾಲ್ಕು ಉತ್ತರ ಹೇಳುತ್ತಿದ್ದರು, ಮನೆಗೊಂದು ಉತ್ತರ. ಹುಡುಗರು ತಮಗೆ ಸರಿ ಕಂಡ ಮನೆಯಲ್ಲಿ ಒಂದೊಂದು ಹುಣಸೆಬೀಜ ಇಡಬೇಕು. ಇಟ್ಟ ಬೀಜವನ್ನು ಮತ್ತೆ ಎತ್ತುವ ಹಾಗಿಲ್ಲ.

“ನಾಲ್ಕು ಪುಟ ಬರೆಯೋನು ತನಗೆ ಗೊತ್ತಿಲ್ಲದ್ದನ್ನ ಆ ನಾಲ್ಕು ಪುಟದಲ್ಲೇ ಬಚ್ಚಿಡಬಹುದು ಕಣಯ್ಯಾ. ಬೀಜ ಇಡೋನಿಗೆ ಬಚ್ಚಿಡೋಕೆ ಜಾಗ ಇಲ್ಲ,” ಅನ್ನುತ್ತಿದ್ದರಂತೆ.

ಎರಡನೇ ಸಲ ಫೇಲಾದ ದಿನ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಅಪ್ಪ ನಮ್ಮೂರ ಪಟೇಲ.

“ಸಂಕ್ರಾಂತಿ ಗಂಟ ನೋಡು ಕಣ್ಲಾ. ಆಗ್ನಿಲ್ಲ ಅಂದ್ರೆ ವಕೀಲ್ಕೆ ಆಸೆ ಬುಟ್ಬುಟ್ಟು ಪಟೇಲ್ಕೆ ಕಲ್ತ್ಕೊ. ನಂಗೂ ಕಾಲು ಸೋತವೆ.”

ತಮ್ಮ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನು ವಕೀಲನಾಗಬೇಕೆಂಬ ಹಟ ಅವನಿಗೆ ಎಷ್ಟಿತ್ತೋ ನನಗೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು. ಯಾಕೆಂದು ಹೇಳುತ್ತೇನೆ.

ನನ್ನನ್ನು ಮಳವಳ್ಳಿಗೆ ಕೊಟ್ಟಿದ್ದರು. ಅವ್ವ ಅದಕ್ಕೆ ಮುಂಚೆಯೇ ತೀರಿಹೋಗಿದ್ದಳು. ಅವಳ ಒಡವೆಯನ್ನೇ ಅಪ್ಪ ಧಾರೆಯ ದಿನ ನನಗೆ ಹಾಕಿ ಕಳಿಸಿದ್ದ. ಕುತ್ತಿಗೆಗೆ ಚಿನ್ನದ ಅಡ್ಡಿಕೆ, ಸೊಂಟಕ್ಕೆ ಬೆಳ್ಳಿಯ ಡಾಬು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ನನ್ನ ಯಜಮಾನರು ಜ್ವರದಲ್ಲಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ನನ್ನನ್ನು ತವರಿಗೆ ಕರೆದುಕೊಂಡು ಹೋಗಲು ಅಪ್ಪ ಬಂದಾಗ ಮಾವನವರು ಒಡವೆಯ ಮಾತು ತೆಗೆದರು. ಅವು ಈ ಮನೆಗೆ ಬಂದ ಒಡವೆ, ಈ ಮನೆಯಲ್ಲೇ ಇರಬೇಕು ಎಂದರು. ನಾಲ್ಕು ಜನ ಸೇರಿದರು. ಕೊನೆಗೆ ಮಾವನವರೇ, “ಪಟೇಲ್ರೇ, ನೀವ್ ಅಷ್ಟೂರ್‌ಗೂ ನ್ಯಾಯ ಯೋಳೋರು. ನೀವೇ ಯೋಳ್ಬುಡಿ,” ಅಂದುಬಿಟ್ಟರು.

ಅಲ್ಲಿ ಅಪ್ಪ ಸಿಕ್ಕಿಕೊಂಡ. ಮಗಳ ಪರ ಹೇಳಿದ ಅನ್ನಿಸಿಕೊಳ್ಳಲು ಅವನಿಗೆ ಆಗದು. ನ್ಯಾಯಕ್ಕೆ ಕೂತಾಗ ಯಾರನ್ನೂ ಬರಿಗೈಯಲ್ಲಿ ಕಳಿಸದವನು ಅಂತಲೇ ಅವನಿಗೆ ಹೆಸರು. ಡಾಬು ಅವರಿಗೆ, ಅಡ್ಡಿಕೆ ನಮಗೆ ಎಂದು ಹೇಳಿದ. ಎಲ್ಲರೂ ತಲೆದೂಗಿದರು, ಎಲೆ ಅಡಿಕೆ ಹಾಕಿಕೊಂಡರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ನನ್ನ ಸೊಂಟದ ಡಾಬನ್ನು ಬಿಚ್ಚಿಕೊಡು ಎಂದು ಅತ್ತೆ ಬಂದು ಕೈ ನೀಡಿದಾಗಲೇ ತೀರ್ಪು ಏನಾಯಿತೆಂದು ನನಗೆ ಗೊತ್ತಾದದ್ದು. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಹಿಂದಿರುಗಿ ಬಂದ ಮೇಲೆ ಅಡ್ಡಿಕೆ ಅಪ್ಪನ ಪೆಟ್ಟಿಗೆ ಸೇರಿತು.

ಅವ್ವ ಆ ಡಾಬು ಕಟ್ಟಿಕೊಂಡು ನೀರು ಸೇದುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿತ್ತು. ನನಗೆ ಸಿಟ್ಟು ಬಂತು, ಬಹಳ ದಿನ ಇತ್ತು. ಆದರೆ ಮನೆಯಲ್ಲಿ ಬಾಯಿ ಬಿಟ್ಟು ಹೇಳುವ ಮಾತಾಗಿರಲಿಲ್ಲ ಅದು. ಅಪ್ಪ ಕೆಟ್ಟವನಲ್ಲ, ನನ್ನನ್ನು ಕಣ್ಣಿನ ಹಾಗೆ ನೋಡಿಕೊಂಡಿದ್ದ. ಪಟೇಲ ಹೇಳಿದ್ದು ತಪ್ಪು ಅನ್ನುವುದಕ್ಕೆ ಕಾನೂನು ಬಲ್ಲ ಒಬ್ಬನಾದರೂ ನಮ್ಮ ಮನೆಯಲ್ಲಿ ಇರಲಿ ಎಂದು ನನ್ನ ಆಸೆ.

ಹಾಗಾಗಿ ಮೂರನೇ ಸಲಕ್ಕೆ ನಾನೇ ಸೆರಗು ಬಿಗಿದು ನಿಂತೆ. ಮಧ್ಯಾಹ್ನ ಕೆಲಸ ಮುಗಿಸಿ ಜಗಲಿಗೆ ಬಂದು, ರಂಗೋಲಿ ಪುಡಿಯಲ್ಲಿ ನಾಲ್ಕು ಮನೆ ಎಳೆಯುತ್ತಿದ್ದೆ. ನಮ್ಮೂರ ಶಾಲೆಯಲ್ಲಿ ಇದ್ದಷ್ಟು ಕ್ಲಾಸು ನಾನೂ ಓದಿದವಳು; ವಕೀಲರು ಕೊಟ್ಟ ಪ್ರಶ್ನೆಗಳನ್ನು ತಮ್ಮ ಬರೆದುಕೊಂಡು ಬಂದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವನು ಬೀಜ ಇಡುತ್ತಿದ್ದ. ಗೋಡೆಗೆ ಒರಗಿ ಹೊಗೆಸೊಪ್ಪು ಜಗಿಯುತ್ತಿದ್ದ ಅಪ್ಪ ಮೊದಮೊದಲು ಕೇಳಿಸದವನ ಹಾಗೆ ಕೂತಿದ್ದ. ಆಮೇಲೆ ಅವನಿಗೂ ಆಟದ ರುಚಿ ಹತ್ತಿ, ಒಂದು ಹಿಡಿ ಹುಣಸೆಬೀಜ ಪಕ್ಕದಲ್ಲಿಟ್ಟುಕೊಂಡು ಕೂತ. ವ್ಯಾಜ್ಯವೆಂದರೆ ಅವನಿಗೆ ಹಬ್ಬದೂಟ.

ತಮ್ಮ ಎಡವುತ್ತಿದ್ದದ್ದು ಎಲ್ಲೆಲ್ಲಿ ಎಂದು ಆಗ ನನಗೆ ಕಾಣತೊಡಗಿತು. ಒಂದು ಪ್ರಶ್ನೆ ಹೀಗಿತ್ತು: ಒಬ್ಬನ ಹಿತ್ತಲಿನ ತೆಂಗಿನಮರ ಪಕ್ಕದವನ ಹಿತ್ತಲಿಗೆ ಬಾಗಿದೆ. ಅಲ್ಲಿ ಬಿದ್ದ ಕಾಯಿ ಯಾರದು? ತಮ್ಮ ಬೀಜ ಹಿಡಿದುಕೊಂಡು ಯೋಚನೆಗೆ ಬಿದ್ದ.

“ಅಕ್ಕಯ್ಯ, ಆ ಮರುಕ್ಕೆ ಬೇಸ್ಗೇಲಿ ನೀರ್ ಉಯ್ದೋರು ಯಾರು?”

“ಅದು ಇದ್ರಲ್ಲಿ ಬರ್ದಿಲ್ಲ ಕಣ್ಲಾ.”

“ಪಕ್ಕದೋನು ಉಯ್ದಿದ್ರೆ?”

ಅಪ್ಪನೂ ಸೇರಿಕೊಂಡ. “ಅಲ್ವೇ ಮತ್ತೆ? ನಮ್ ಕೆಳ್ಗಲ್ ಕೇರೀಲಿ ಇಂಗೇ ಆಗಿತ್ತು. ಪಕ್ಕದೋನೇ ನೀರ್ ಉಯ್ತಿದ್ದ.”

ಇಬ್ಬರೂ ಸೇರಿ ಆ ಮರಕ್ಕೆ ಗೊಬ್ಬರ ಹಾಕಿದರು, ಇಲಿ ಓಡಿಸಿದರು, ಕಾಯಿ ಕೀಳುವವನಿಗೆ ಕೂಲಿ ಕೊಟ್ಟರು. ಪ್ರಶ್ನೆಯಲ್ಲಿದ್ದ ಮರ ಎಲ್ಲೋ ಹೋಗಿ ನಮ್ಮ ಕೇರಿಯ ಮರ ಬಂದು ಜಗಲಿ ಮೇಲೆ ನಿಂತಿತು. ಉತ್ತರ ಬಹಳ ಸುಲಭ ಇತ್ತು: ಬುಡ ಯಾರ ನೆಲದಲ್ಲಿದೆಯೋ ಕಾಯಿ ಅವರದು. ಪ್ರಶ್ನೆಯಲ್ಲಿ ಇಲ್ಲದ್ದನ್ನು ತರಬೇಡಿ ಎಂದು ವಕೀಲರು ಪ್ರತಿ ವಾರ ಹೇಳುತ್ತಿದ್ದರಂತೆ. ಅಂದಿನಿಂದ ನಾನು ಕೋಲು ಹಿಡಿದು ಕೂತೆ. ಯಾರು ಹೊರಗಿನ ಮಾತು ತಂದರೂ ನೆಲಕ್ಕೆ ಬಡಿದು, “ಅದು ಪ್ರಶ್ನೇಲಿಲ್ಲ,” ಅನ್ನುತ್ತಿದ್ದೆ. ಅಪ್ಪನಿಗೂ ಬಿಡುತ್ತಿರಲಿಲ್ಲ. ಅವನು ನಗುತ್ತಿದ್ದ.

ಇನ್ನೊಂದು, ಕಬ್ಬಿನ ಪ್ರಶ್ನೆ. ಒಬ್ಬ ತನ್ನದೇ ಗದ್ದೆ ಎಂದು ನಿಜವಾಗಿಯೂ ನಂಬಿ ಪಕ್ಕದವನ ಕಬ್ಬು ಕಡಿದುಬಿಟ್ಟ. ಇದು ಕಳ್ಳತನವೇ? ತಮ್ಮ, ಕಬ್ಬಿನ ಬೆಲೆ ಕಟ್ಟಿಕೊಡಬೇಕು ಎಂಬ ಮನೆಯಲ್ಲಿ ಬೀಜ ಇಟ್ಟ. ಬೆಲೆ ಕೊಡಬೇಕಾದ್ದು ನಿಜವೇ. ಆದರೆ ಕೇಳಿದ್ದು ಕಳ್ಳತನ ಹೌದೋ ಅಲ್ಲವೋ ಅಂತ. ಕದಿಯುವ ಮನಸ್ಸಿಲ್ಲದ ಮೇಲೆ ಕಳ್ಳತನ ಅಲ್ಲ. ನಿಜವಾದ ಉತ್ತರವನ್ನು ಬೇರೆ ಪ್ರಶ್ನೆಗೆ ಕೊಟ್ಟು ಕೂತಿದ್ದ ನನ್ನ ತಮ್ಮ. ಅದಕ್ಕೆ ಮದ್ದು ಎಂದರೆ ಕೊನೆಯ ಸಾಲನ್ನು ಮೊದಲು ಓದುವುದು. ಏನು ಕೇಳಿದ್ದಾರೆ ಅಂತ ಮೊದಲು ತಿಳಿದುಕೊಂಡು ಆಮೇಲೆ ಮೇಲಿನ ಕತೆಗೆ ಹೋಗಬೇಕು. ಇದನ್ನೂ ವಕೀಲರೇ ಹೇಳಿಕೊಟ್ಟಿದ್ದರು. ಇದೂ ನಿಧಾನವಾಗಿ ಅವನ ಕೈಗೆ ಹತ್ತಿತು.

ಹತ್ತದೆ ಉಳಿದದ್ದು ಒಂದೇ. ಬಾಡಿಗೆಗೆ ಕೊಟ್ಟ ಎತ್ತು ಉಳುತ್ತಿದ್ದಾಗ ಸಿಡಿಲು ಬಡಿದು ಸತ್ತಿತು. ಉಳುತ್ತಿದ್ದವನದು ಏನೂ ತಪ್ಪಿಲ್ಲ. ನಷ್ಟ ಯಾರಿಗೆ? ನಾಲ್ಕು ಮನೆಗಳಲ್ಲಿ ಒಂದರ ಉತ್ತರ ‘ಇಬ್ಬರೂ ಅರ್ಧರ್ಧ ಹೊರಬೇಕು’ ಎಂದಿತ್ತು. ತಮ್ಮನ ಬೀಜವೂ ಅಪ್ಪನ ಬೀಜವೂ ಒಟ್ಟಿಗೇ ಅಲ್ಲಿಗೆ ಹೋಗಿ ಬಿದ್ದವು.

“ಪಾಪ, ಎತ್ ಸತ್ತೋನ್ಗೂ ಒಸಿ ಸಮಾದಾನ ಆಗ್ಬೇಕಲ್ವಾ,” ಅಂದ ಅಪ್ಪ.

ಸರಿ ಉತ್ತರ, ನಷ್ಟ ಪೂರ್ತಿ ಎತ್ತಿನ ಒಡೆಯನದು ಎಂದು. ತಮ್ಮನಿಗೆ ಕಲಮೂ ಗೊತ್ತಿತ್ತು, ಕಲಮಿನ ಅರ್ಥವೂ ಗೊತ್ತಿತ್ತು. ಬೀಜ ಇಡುವ ಹೊತ್ತಿಗೆ ಮಾತ್ರ ಕೈ ತಾನಾಗಿಯೇ ಅರ್ಧರ್ಧದ ಕಡೆಗೆ ಹೋಗುತ್ತಿತ್ತು. ಮೂರು ವರ್ಷದ ಮಗುವಾಗಿದ್ದಾಗಿನಿಂದ ಅಪ್ಪನ ತೊಡೆಯ ಮೇಲೆ ಕೂತು ನ್ಯಾಯ ಕೇಳಿ ಬೆಳೆದವನು. ಅರಳಿಕಟ್ಟೆಯಲ್ಲಿ ಒಬ್ಬನಿಗೇ ಎಲ್ಲ ಕೊಟ್ಟು ಇನ್ನೊಬ್ಬನನ್ನು ಬರಿಗೈಯಲ್ಲಿ ಕಳಿಸಿದ್ದನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಅದು ವಕೀಲರಿಗೆ ಗೊತ್ತಾಗಿಹೋಗಿತ್ತು. “ನಿನಗೆ ಮನಸ್ಸಿಗೆ ಹಿತವಾಗೋ ಉತ್ತರ ಬೇಕು. ನಾನು ತಪ್ಪು ಉತ್ತರ ಬರೆಯೋವಾಗ ನಿನ್ನಂಥೋರನ್ನ ನೆನೆಸಿಕೊಂಡೇ ಅದನ್ನ ಹಿತವಾಗಿ ಬರೀತೀನಪ್ಪಾ,” ಅಂದಿದ್ದರಂತೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಕಡೆಯ ಪರೀಕ್ಷೆ. ಅದಕ್ಕೆ ವಕೀಲರು ಹೊಸದೊಂದು ಷರತ್ತು ಹಾಕಿದ್ದರು. ಈ ಸಲ ಹುಡುಗರು ತಾವೇ ಒಂದೊಂದು ವ್ಯಾಜ್ಯ ಕಟ್ಟಿಕೊಂಡು ಬರಬೇಕು. ಒಂದು ಸರಿ ಉತ್ತರ, ಮೂರು ತಪ್ಪು. ತಪ್ಪಿನಲ್ಲಿ ಒಂದಾದರೂ ಬುದ್ಧಿವಂತರು ಬೀಳುವ ಹಾಗಿರಬೇಕು. ತಪ್ಪನ್ನು ಕಟ್ಟಲು ಬರುವವನು ಮಾತ್ರ ತಪ್ಪಿಗೆ ಬೀಳುವುದಿಲ್ಲ ಎಂಬುದು ಅವರ ಲೆಕ್ಕ.

ತಮ್ಮ ಎರಡು ದಿನ ತಲೆ ಕೆರೆದುಕೊಂಡ. ಕಟ್ಟಿದ ಪ್ರಶ್ನೆಗಳೆಲ್ಲ ಸಪ್ಪೆ. ಅವರೆಕಾಯಿ ಬಿಡಿಸುತ್ತ ಕೂತಿದ್ದ ನಾನು ಕೊನೆಗೆ, “ನಾನೊಂದ್ ಯೋಳ್ಲಾ?” ಅಂದೆ. ಮೆಲ್ಲಗೆ ಹೇಳಿದೆ. ಅವನೂ ಬಿಡಿಸಲೆಂದು ಎತ್ತಿಕೊಂಡಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

“ಬ್ಯಾಡ ಅಕ್ಕಯ್ಯ. ಅಪ್ಪುನ್ಗೆ ಗೊತ್ತಾಯ್ತದೆ.”

“ಗೊತ್ತಾಗ್ಲಿ. ಕಾನೂನು ಏನನ್ತದೆ, ಅದ್ನ ಯೋಳು.”

ಅವನು ಆ ಕಾಯಿಯನ್ನು ಮೊರಕ್ಕೆ ಹಾಕಿ, “ಮದ್ವೇಲಿ ತವರ್ನೋರು ಕೊಟ್ಟಿದ್ದು ಸ್ತ್ರೀಧನ. ಅದು ಪೂರ್ತಿ ಅವ್ಳ್ದೇ. ಯಾರ್ಗೂ ಪಾಲಿಲ್ಲ,” ಅಂದ. ಆಮೇಲೆ ನನ್ನ ಮುಖ ನೋಡಲಾರದೆ ಎದ್ದು ಕೊಟ್ಟಿಗೆಗೆ ಹೋದ. ಅಷ್ಟು ದಿನ ಅವನಿಗೂ ಅದು ಹೊಳೆದಿರಲಿಲ್ಲವಲ್ಲ ಎಂದು ನನಗೆ ಬೇಜಾರಾಯಿತು. ನಮ್ಮ ಮನೆಯದು ಯಾವುದೂ ಅವನಿಗೆ ವ್ಯಾಜ್ಯವಾಗಿ ಕಂಡೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ನಾಲ್ಕು ಮನೆ ಎಳೆದೆ. ಅಪ್ಪ ತನ್ನ ಬೀಜ ಹಿಡಿದುಕೊಂಡು ಸಿದ್ಧನಾಗಿ ಕೂತ. ನಾನೇ ಹೇಳಿದೆ. ಎಲ್ಲೋ ಒಂದು ಊರು. ಮದುವೆಯ ದಿನ ತಂದೆ ಮಗಳಿಗೆ ಎರಡು ಒಡವೆ ಕೊಟ್ಟ. ಅಳಿಯ ಸತ್ತ, ಮಕ್ಕಳಿಲ್ಲ. ಒಡವೆ ತಮ್ಮದು ಎಂದು ಗಂಡನ ಮನೆಯವರು ಹೇಳುತ್ತಾರೆ. ಒಡವೆ ಯಾರದು? ಒಂದನೇ ಮನೆ, ಗಂಡನ ಮನೆಯವರದು. ಎರಡನೇದು, ಕೊಟ್ಟ ತಂದೆಯದು. ಮೂರನೇದು, ಇಬ್ಬರಿಗೂ ಒಂದೊಂದು. ನಾಲ್ಕನೇದು, ಹುಡುಗಿಯದು.

ಅಪ್ಪ ಕತೆ ಪೂರ್ತಿ ಮುಗಿಯುವ ಮೊದಲೇ ಬಾಗಿದ್ದ. ಮುಗಿದದ್ದೇ ಮೂರನೇ ಮನೆಯಲ್ಲಿ ಬೀಜವನ್ನು ಟಕ್ಕನೆ ಇಟ್ಟು, ಗೆದ್ದವನ ಹಾಗೆ ಗೋಡೆಗೆ ಒರಗಿದ. ಇಟ್ಟ ಮೇಲೆ ನಮ್ಮಿಬ್ಬರ ಮುಖ ನೋಡಿದ. ಜಗಿಯುವುದು ನಿಂತಿತು.

“ತಪ್ಪಾ?” ಅಂದ.

“ಊಂ ಕಣಪ್ಪ,” ಅಂದ ತಮ್ಮ.

“ಕೊನೇ ಸಾಲು ಇನ್ನೊಂದ್ಸಲ ಯೋಳವ್ವ.”

“ಒಡವೆ ಯಾರದು?”

“ಯಾರ್ಗೆ ಸಮಾದಾನ ಆಗ್ಬೇಕು ಅಂತ ಕೇಳಿಲ್ವಾ?”

“ಇಲ್ಲ.”

“ತೀರ್ಪು ಯೋಳೋನು ಆ ಉಡ್ಗಿ ಅಪ್ಪನೇ ಆಗಿದ್ರೆ? ಮಗಳ್ ಪರ ಯೋಳ್ದ ಅಂತ ಊರೋರು ಆಡ್ಕೊಂಡ್ರೆ?”

ಕೋಲು ನನ್ನ ಕೈಯಲ್ಲೇ ಇತ್ತು. ಬಡಿಯಲು ಮನಸ್ಸು ಬರಲಿಲ್ಲ. “ಅದು ಪ್ರಶ್ನೇಲಿಲ್ಲ ಅಪ್ಪ,” ಅಂದೆ.

ಅಪ್ಪ ಬಹಳ ಹೊತ್ತು ಆ ನಾಲ್ಕು ಮನೆ ನೋಡುತ್ತ ಕೂತ. ಬೀಜದ ಹತ್ತಿರ ಕೈ ಕೊಂಡುಹೋಗಿ, “ಇಟ್ಟಿದ್ನ ಎತ್ತಂಗಿಲ್ವಾ?” ಎಂದು ಕೇಳಿದ. ಎತ್ತುವ ಹಾಗಿಲ್ಲ ಎಂದು ತಮ್ಮ ಹೇಳಿದ. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆಗೆ ಹೊರಟುಹೋದ.

ಬೆಳಿಗ್ಗೆ ತಮ್ಮ ರೈಲಿಗೆ ಹೊರಟ. ಅವನ ಹಿಂದೆಯೇ ಅಪ್ಪನೂ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಹೊರಬಂದ. ಮದುವೆಗೆ ಇಲ್ಲವೇ ಅಮಲ್ದಾರರನ್ನು ನೋಡಲು ಹೋಗುವಾಗ ಮಾತ್ರ ಹಾಕುತ್ತಿದ್ದ ಕೋಟು ಅದು. ಎಲ್ಲಿಗೆ ಎಂದು ನಾನು ಕೇಳುವ ಮೊದಲೇ, “ಮದ್ದೂರ್‌ಗೆ ಓಗಿ ಬಸ್ ಇಡೀತೀನಿ. ಮಳವಳ್ಳಿಗೆ ಓಗ್ಬತ್ತೀನಿ,” ಅಂದ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. ಆ ವಯಸ್ಸಿನಲ್ಲಿ ಅಪ್ಪನೂ ಬಸ್ಸು ತಳ್ಳಬೇಕಾದೀತು ಎಂದು ನನಗೆ ಗೊತ್ತಿತ್ತು. ಆದರೂ ಹೋಗಬೇಡ ಎಂದು ಹೇಳಲಿಲ್ಲ.

ಮೊದಲು ಬಂದವನು ತಮ್ಮ. ಹಟ್ಟಿ ಬಾಗಿಲಲ್ಲೇ ಕೂಗಿದ. “ಅಕ್ಕಯ್ಯ, ಸೇರುಸ್ಕೊಂಡ್ರು ಕಣೇ!”

ಅವನ ಪ್ರಶ್ನೆಗೆ ಉಳಿದ ಹುಡುಗರೆಲ್ಲ ಸಾಲಾಗಿ ಬಂದು ಮೂರನೇ ಮನೆಯಲ್ಲೇ ಬೀಜ ಇಟ್ಟರಂತೆ. ವಕೀಲರು ಆ ಬೀಜದ ಗುಡ್ಡೆ ನೋಡಿ ಕನ್ನಡಕ ತೆಗೆದು ನಕ್ಕರಂತೆ. ಆಮೇಲೆ ತಾವೇ ಒಂದು ವ್ಯಾಜ್ಯ ಹೇಳಿ, ಅದರಲ್ಲೂ ಅರ್ಧರ್ಧದ ಒಂದು ಮನೆ ಇಟ್ಟು ಇವನನ್ನು ಪರೀಕ್ಷೆ ಮಾಡಿದರಂತೆ. ಇವನ ಕೈ ಆ ಕಡೆಗೆ ಹೋಗಲೇ ಇಲ್ಲ. “ನಿನ್ನ ಪ್ರಶ್ನೆ ಎಲ್ಲಿ ಸಿಕ್ತಯ್ಯಾ?” ಎಂದು ಕೇಳಿದ್ದಕ್ಕೆ, “ನಮ್ ಮನೇಲೇ ಇತ್ತು ಸ್ವಾಮಿ,” ಅಂದನಂತೆ. ಸಂಕ್ರಾಂತಿ ಕಳೆದ ಮೇಲೆ ಆಫೀಸಿಗೆ ಬರಹೇಳಿದ್ದರು. ನನಗೆ ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದೆ ಅವನ ಬೆನ್ನಿಗೊಂದು ಗುದ್ದಿದೆ.

ಅಪ್ಪ ಬಂದದ್ದು ಹೊತ್ತು ಮುಳುಗುವಾಗ. ಕೋಟಿನ ತುಂಬ ಇದ್ದಿಲ ಮಸಿ. ತಮ್ಮನ ಸುದ್ದಿ ಕೇಳಿ, “ಒಳ್ಳೇದಾಯ್ತು ಕಣ್ಲಾ, ಒಳ್ಳೇದಾಯ್ತು,” ಎಂದು ಅವನ ತಲೆ ಸವರಿದ. ಆಮೇಲೆ ನನ್ನ ಕಡೆಗೆ ತಿರುಗಿದ.

“ಆ ಡಾಬ ಕರುಗ್ಸಿ ಅವ್ರ್ ಮಗಳ್ಗೆ ಕಾಲ್ಕಡ್ಗ ಮಾಡ್ಸವ್ರೆ. ಆ ಉಡ್ಗಿ ಮದ್ವೆ ಆಗಿ ಓಗದೆ. ಅವತ್ತು ಕೂತಿದ್ದೋರ್ನೆಲ್ಲ ಕರ್ಸಿ, ಅದೇ ಜಗ್ಲಿ ಮೇಲೆ ನಿಂತ್ಕೊಂಡು, ನಾನ್ ಯೋಳಿದ್ ನ್ಯಾಯ ತಪ್ಪು ಅಂದೆ. ನಕ್ಬುಟ್ಟು ಮಜ್ಗೆ ಕೊಟ್ರು.” ಮಸಿಯಾದ ಕೋಟು ಬಿಚ್ಚುತ್ತ ಹೇಳಿದ, “ಇಟ್ ಬೀಜ ಎತ್ತಕ್ಕಾಗ್ನಿಲ್ಲ ಕಣವ್ವ.”

ನನಗೆ ಅಳು ಬಂತು. ಡಾಬು ಹೋದದ್ದಕ್ಕೆ ದುಃಖವಾಯಿತು. ಅಪ್ಪ ಅಷ್ಟು ಜನರ ಮುಂದೆ ನಿಂತು ಆ ಮಾತು ಆಡಿದ್ದು ನೆನೆದರೆ ಎದೆ ತುಂಬಿ ಬಂತು. ಕಣ್ಣೊರೆಸಿಕೊಂಡು ಕೇಳಿದೆ.

“ಅಡ್ಡಿಕೆ?”

“ಅದೆಲ್ ಓದದು? ನನ್ ಪೆಟ್ಗೇಲೇ ಅದೆ,” ಅಂದ ಅಪ್ಪ. ಅಂದವನು ಹಾಗೇ ನಿಂತ. ತಮ್ಮ ಅವನ ಮುಖ ನೋಡಿದ. ನಾನೂ ನೋಡಿದೆ. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿಕೊಂಡು ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಹಳೇ ಬಟ್ಟೆಯ ಗಂಟಿನೊಂದಿಗೆ ಹೊರಗೆ ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟ. ನಾನು ಬಿಚ್ಚಿದೆ. ಕೆಂಪು ಹರಳುಗಳ ಮಧ್ಯೆ ಅವ್ವ ಹಚ್ಚುತ್ತಿದ್ದ ಅರಿಶಿನ ಇನ್ನೂ ಕೂತಿತ್ತು. ಗಂಡ ಸತ್ತವಳು ಹಾಕಿಕೊಳ್ಳುವ ಒಡವೆಯಲ್ಲ ಅದು, ಆ ಕಾಲದಲ್ಲಿ. ಅಪ್ಪನಿಗೂ ಅದೇ ನೆನಪಾಗಿರಬೇಕು.

“ಇದ್ನ ಇಟ್ಕೊಂಡು ನೀನು ಏನ್...” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ನನ್ನ ಬೆರಳುಗಳನ್ನು ತಾನೇ ಅಡ್ಡಿಕೆಯ ಮೇಲೆ ಮಡಚಿದ.

“ಬುಡು. ಅದು ಪ್ರಸ್ನೇಲಿಲ್ಲ.”